ಚೈಲ್ಡ್ಸ್ ಊರಿನ ಗುಂಡುಕಲ್ಲಿನ ಚರ್ಚು: ಕಲ್ಲಿಗಿಂತ ಮೊದಲು ಗಾರೆ ನೋಡಿ

ನಯಾಗರ ಜಲಪಾತ ನೋಡಲು ಹೋಗುವ ನಮ್ಮ ಜನ ಸಾಮಾನ್ಯವಾಗಿ ದೊಡ್ಡ ಹೈವೇ ಹಿಡಿದು ಬರುತ್ತಾರೆ, ಫೋಟೋ ತೆಗೆದುಕೊಂಡು ಅದೇ ದಾರಿಯಲ್ಲಿ ವಾಪಸ್ ಹೋಗುತ್ತಾರೆ. ಅಲ್ಲಿಂದ ಪೂರ್ವಕ್ಕೆ, ರಾಚೆಸ್ಟರ್ ಕಡೆಗೆ ಇನ್ನೊಂದು ದಾರಿ ಇದೆ. ರಿಡ್ಜ್ ರೋಡ್ ಅಂತಾರೆ, ರಸ್ತೆ ನಂಬರ್ 104. ಎರಡೂ ಕಡೆ ಹೊಲ, ಸೇಬಿನ ತೋಟ, ಅಲ್ಲೊಂದು ಇಲ್ಲೊಂದು ಹಳೇ ಮನೆ. ಆ ದಾರಿಯಲ್ಲಿ ಸ್ವಲ್ಪ ನಿಧಾನಕ್ಕೆ ಬಂದರೆ ಕಣ್ಣಿಗೆ ವಿಚಿತ್ರ ಗೋಡೆಗಳು ಬೀಳುತ್ತವೆ. ಇಟ್ಟಿಗೆಯಲ್ಲ, ಸೈಜುಗಲ್ಲೂ ಅಲ್ಲ. ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ ಗುಂಡುಕಲ್ಲುಗಳನ್ನು ಸಾಲುಸಾಲಾಗಿ, ಮುತ್ತು ಪೋಣಿಸಿದ ಹಾಗೆ ಕೂರಿಸಿ ಕಟ್ಟಿದ ಗೋಡೆಗಳು.

ನ್ಯೂಯಾರ್ಕ್ ರಾಜ್ಯದ ಆರ್ಲಿಯನ್ಸ್ ಕೌಂಟಿಯ ಚೈಲ್ಡ್ಸ್ ಎಂಬ ಪುಟ್ಟ ಊರಿನಲ್ಲಿ, 104 ಮತ್ತು 98ನೇ ರಸ್ತೆಗಳು ಸೇರುವ ಜಾಗದ ಹತ್ತಿರ, ಇಂಥ ಗೋಡೆಯ ಒಂದು ಚರ್ಚು ಇದೆ. ಕಟ್ಟಿದ್ದು 1834ರಲ್ಲಿ. ಉತ್ತರ ಅಮೆರಿಕದಲ್ಲಿ ಉಳಿದಿರುವ ಗುಂಡುಕಲ್ಲಿನ ಚರ್ಚುಗಳಲ್ಲಿ ಇದೇ ಹಳೆಯದು ಎಂದು ಅದನ್ನು ನೋಡಿಕೊಳ್ಳುವ ಮ್ಯೂಸಿಯಂ ಹೇಳುತ್ತದೆ. ನಾನು ಇಲ್ಲಿ ಬರೆಯಹೊರಟಿರುವುದು ಈ ಒಂದು ಕಟ್ಟಡದ ಪ್ರಕರಣ. ಇಂಥ ಚರ್ಚು ಅಲ್ಲೇ ಯಾಕೆ ಹುಟ್ಟಿತು, ಹೇಗೆ ಕಟ್ಟಿದರು, ಆ ಕೆಲಸ ಯಾಕೆ ನಿಂತುಹೋಯಿತು, ಇದು ಮಾತ್ರ ಹೇಗೆ ಉಳಿಯಿತು ಎಂಬುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಗೋಡೆ ಮುಂದೆ ನಿಂತವರೆಲ್ಲ ಕಲ್ಲು ನೋಡುತ್ತಾರೆ. ನಾನೂ ಹಾಗೇ ನೋಡಿದೆ. ಆದರೆ ಇಲ್ಲಿ ನೋಡಬೇಕಾದದ್ದು ಕಲ್ಲುಗಳ ನಡುವೆ ಇರುವ ಗಾರೆ. ಕೆಲಸಗಾರನ ಕೈ ಕಾಣುವುದು ಅಲ್ಲಿ.

ಕೆರೆಯ ದಂಡೆ ಮೇಲಿನ ರಸ್ತೆ

ರಿಡ್ಜ್ ರೋಡ್ ಅಂದರೆ ದಿಬ್ಬದ ರಸ್ತೆ. ಸುಮ್ನೆ ಇಟ್ಟ ಹೆಸರಲ್ಲ. ಸುಮಾರು 13,000 ವರ್ಷಗಳ ಹಿಂದೆ, ಹಿಮಯುಗ ಕೊನೆಯಾಗುತ್ತಿದ್ದ ಕಾಲದಲ್ಲಿ, ಈಗಿನ ಒಂಟಾರಿಯೊ ಸರೋವರದ ಜಾಗದಲ್ಲಿ ಅದಕ್ಕಿಂತ ದೊಡ್ಡ ಸರೋವರವಿತ್ತು. ಭೂವಿಜ್ಞಾನಿಗಳು ಅದನ್ನು ಇರೋಕ್ವಾ ಸರೋವರ ಎನ್ನುತ್ತಾರೆ. ಸೇಂಟ್ ಲಾರೆನ್ಸ್ ಕಣಿವೆಗೆ ಹಿಮದ ಗೋಡೆ ಅಡ್ಡ ನಿಂತಿತ್ತು. ಹಾಗಾಗಿ ನೀರು ಆ ಕಡೆ ಹರಿಯಲಾಗದೆ ಎತ್ತರಕ್ಕೆ ನಿಂತು, ಮೊಹಾಕ್ ಕಣಿವೆಯ ಮೂಲಕ ಹಡ್ಸನ್ ಕಡೆಗೆ ಹೋಗುತ್ತಿತ್ತು. ಆ ಸರೋವರದ ಅಲೆಗಳು ದಂಡೆಯಲ್ಲಿ ಮರಳು, ಜಲ್ಲಿ, ಗುಂಡುಕಲ್ಲು ತಂದು ಗುಡ್ಡೆ ಹಾಕಿದವು. ಹಿಮ ಕರಗಿತು, ನೀರು ಇಳಿಯಿತು, ದಂಡೆ ಮಾತ್ರ ದಿಬ್ಬವಾಗಿ ಉಳಿಯಿತು. ಸುತ್ತ ಜೌಗು ನೆಲ, ನಡುವೆ ಒಣ ದಿಬ್ಬ. ಮೊದಲು ಅಲ್ಲಿನ ಮೂಲನಿವಾಸಿಗಳು ಅದರ ಮೇಲೆ ನಡೆದರು. ಆಮೇಲೆ ವಲಸೆ ಬಂದವರ ಗಾಡಿಗಳು ಓಡಿದವು.

ಕಲ್ಲು ದಿಬ್ಬದಲ್ಲಿ ಮಾತ್ರ ಇರಲಿಲ್ಲ. ಹಿಮದ ರಾಶಿ ಕೆನಡಾ ಕಡೆಯಿಂದ ಉಜ್ಜಿಕೊಂಡು ಬರುವಾಗ ದಾರಿಯ ಬಂಡೆಗಳನ್ನೆಲ್ಲ ಒಡೆದು, ಉರುಳಿಸಿ, ಹೊಲಗಳ ತುಂಬ ಚೆಲ್ಲಿ ಹೋಗಿತ್ತು. ಕಾಡು ಕಡಿದು ನೇಗಿಲು ಹೂಡಿದವನಿಗೆ ಮೊದಲು ಸಿಕ್ಕಿದ್ದು ಕಲ್ಲು. ಆರಿಸಿ ಹಾಕಿದರೂ ಮುಗಿಯುವಂತಿರಲಿಲ್ಲ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬುತ್ತದೆ, ಆಗ ಕೆಳಗಿನ ಕಲ್ಲು ಮೇಲಕ್ಕೆ ಬರುತ್ತದೆ. ಅಂದರೆ ಪ್ರತಿ ವಸಂತದಲ್ಲೂ ಹೊಸ ಕಲ್ಲು! ಎತ್ತುಗಳಿಗೆ ಹಲಗೆಯ ಸ್ಲೆಡ್ಜ್ ಕಟ್ಟಿ, ಅದರ ಮೇಲೆ ಕಲ್ಲು ಹೇರಿ, ಹೊಲದ ಅಂಚಿಗೆ ಎಳೆದು ಸುರಿಯುತ್ತಿದ್ದರು. ವರ್ಷಾನುಗಟ್ಟಲೆ ಹೀಗೆ ಸುರಿದ ಗುಡ್ಡೆಗಳೇ ಮುಂದೆ ಮನೆಯಾದವು, ಶಾಲೆಯಾದವು, ಚರ್ಚಾದವು.

ಕಾಲುವೆ ತಂದ ದುಡ್ಡು

ಕಲ್ಲು ಇದ್ದ ಮಾತ್ರಕ್ಕೆ ಯಾರೂ ಕಲ್ಲಿನ ಚರ್ಚು ಕಟ್ಟಿಬಿಡುವುದಿಲ್ಲ ಅಲ್ವಾ? ಈ ಜನ ಮೊದಲಿಗೆ ಮರದ ದಿಮ್ಮಿಯ ಮನೆಗಳಲ್ಲಿದ್ದರು. ಅವರ ಕೈಗೆ ದುಡ್ಡು ಬಂದದ್ದು ಈರಿ ಕಾಲುವೆಯಿಂದ. 1817ರಲ್ಲಿ ಅಗೆಯಲು ಶುರು ಮಾಡಿ 1825ರಲ್ಲಿ ಮುಗಿಸಿದರು. ಆಲ್ಬನಿಯಿಂದ ಬಫಲೋವರೆಗೆ 363 ಮೈಲಿ. ಅದು ಚೈಲ್ಡ್ಸ್‌ಗೆ ದಕ್ಷಿಣದಲ್ಲಿ, ಆಲ್ಬಿಯನ್ ಊರಿನ ಮಧ್ಯೆಯೇ ಹಾದುಹೋಗುತ್ತದೆ. ಅಲ್ಲಿವರೆಗೆ ಬೆಳೆದ ಗೋಧಿಯನ್ನು ಪೇಟೆಗೆ ಸಾಗಿಸುವ ಖರ್ಚೇ ಲಾಭವನ್ನು ನುಂಗುತ್ತಿತ್ತು. ಕಾಲುವೆ ಬಂದ ಮೇಲೆ ಗೋಧಿ ದೋಣಿ ಹತ್ತಿತು. ರಾಚೆಸ್ಟರ್‌ನಲ್ಲಿ ಹಿಟ್ಟಿನ ಗಿರಣಿಗಳು ಸಾಲಾಗಿ ಎದ್ದವು, ಆ ಊರಿಗೆ ಹಿಟ್ಟಿನ ನಗರ ಎಂದೇ ಹೆಸರು ಬಂತು. ರೈತನ ಕೈ ತುಂಬಿತು. ದಿಮ್ಮಿಯ ಮನೆ ಸಾಕು, ಇನ್ನು ಗಟ್ಟಿಯಾದದ್ದು ಕಟ್ಟೋಣ ಅನ್ನಿಸಿತು.

ಕಾಲುವೆ ಕೆಲಸ ಮುಗಿದಾಗ ಕೆಲಸವಿಲ್ಲದೆ ಉಳಿದ ಮೇಸ್ತ್ರಿಗಳೇ ಈ ಗುಂಡುಕಲ್ಲಿನ ಕಟ್ಟೋಣ ಶುರು ಮಾಡಿದರು ಎಂಬ ಕತೆ ಆ ಕಡೆ ಎಲ್ಲರ ಬಾಯಲ್ಲೂ ಇದೆ. ಗುಂಡುಕಲ್ಲಿನ ಕಟ್ಟಡಗಳು ಶುರುವಾಗುವುದು ಸರಿಯಾಗಿ 1825ರ ಆಸುಪಾಸಿನಲ್ಲೇ. ಹಾಗಾಗಿ ಕತೆ ಚೆನ್ನಾಗಿ ಹೊಂದುತ್ತದೆ. ನನಗೆ ಮಾತ್ರ ಇದು ಅರ್ಧ ಸತ್ಯ ಅನ್ನಿಸುತ್ತದೆ. ಕಾಲುವೆಯ ಲಾಕ್‌ಗಳನ್ನು, ಅಂದರೆ ದೋಣಿಗಳನ್ನು ಏರಿಸಿ ಇಳಿಸುವ ನೀರಿನ ತೊಟ್ಟಿಗಳನ್ನು, ಕಟ್ಟಿದ್ದು ದೊಡ್ಡ ದೊಡ್ಡ ಕೆತ್ತಿದ ಕಲ್ಲಿನಲ್ಲಿ. ಆ ಕೈಚಳಕವೇ ಬೇರೆ, ಮೊಟ್ಟೆಯಂಥ ಕಲ್ಲನ್ನು ಸಾಲಾಗಿ ಕೂರಿಸುವುದೇ ಬೇರೆ. ಇಂಗ್ಲೆಂಡಿನ ನಾರ್ಫೋಕ್, ಸಸೆಕ್ಸ್ ಕಡೆ ಇಂಥ ಸಣ್ಣ ಕಲ್ಲಿನಲ್ಲಿ ಗೋಡೆ ಕಟ್ಟುವ ರೂಢಿ ಮೊದಲಿನಿಂದ ಇತ್ತು. ಕಾಲುವೆಯಿಂದ ಬಂದ ಮುಖ್ಯ ಕೊಡುಗೆ ನನ್ನ ಪ್ರಕಾರ ಎರಡು. ಒಂದು, ದುಡ್ಡು. ಇನ್ನೊಂದು, ಸುಣ್ಣದ ತಿಳಿವಳಿಕೆ. ನೀರಿನೊಳಗೂ ಗಟ್ಟಿಯಾಗುವ ಸುಣ್ಣದ ಕಲ್ಲು ಚಿಟ್ಟೆನಾಂಗೊ ಹತ್ತಿರ ಸಿಕ್ಕಿದ್ದು, ಕ್ಯಾನ್‌ವಾಸ್ ವೈಟ್ ಎಂಬ ಎಂಜಿನಿಯರ್ ಅದನ್ನು ಬಳಕೆಗೆ ತಂದದ್ದು ಈ ಕಾಲುವೆಯ ಕೆಲಸದಲ್ಲೇ.

ನರಕದ ಭಯ ಹೇಳದ ಚರ್ಚು

ಚರ್ಚು ಕಟ್ಟಿಸಿದವರು ಯೂನಿವರ್ಸಲಿಸ್ಟ್ ಪಂಥದವರು. ಇದನ್ನು ಬಿಟ್ಟು ಈ ಕಟ್ಟಡದ ಕತೆ ಹೇಳಲು ಆಗುವುದಿಲ್ಲ. ಕೊನೆಗೆ ಎಲ್ಲರಿಗೂ ಮುಕ್ತಿ ಇದೆ, ದೇವರು ಯಾರನ್ನೂ ಎಂದೆಂದಿಗೂ ನರಕಕ್ಕೆ ತಳ್ಳುವುದಿಲ್ಲ ಎಂಬುದು ಇವರ ನಂಬಿಕೆಯ ತಿರುಳು.

ಇದು ಇಂದು ಸರಳವಾಗಿ ಕೇಳಿಸುತ್ತದೆ. ಆ ಕಾಲ, ಆ ಜಾಗ ನೋಡಿದರೆ ಇದಕ್ಕೆ ಎಷ್ಟು ಧೈರ್ಯ ಬೇಕಿತ್ತು ಎಂಬುದು ಗೊತ್ತಾಗುತ್ತದೆ. ಚಾರ್ಲ್ಸ್ ಫಿನ್ನಿ ಎಂಬ ಪ್ರಚಾರಕ ರಾಚೆಸ್ಟರ್‌ನಲ್ಲಿ ದೊಡ್ಡ ಧಾರ್ಮಿಕ ಚಳವಳಿ ನಡೆಸಿದ್ದು 1830-31ರಲ್ಲಿ. ಊರೂರಲ್ಲಿ ಪಾಪ, ಪಶ್ಚಾತ್ತಾಪ, ನರಕದ ಬೆಂಕಿಯ ಪ್ರವಚನ. ಭಕ್ತಿಯ ಬೆಂಕಿ ಮತ್ತೆ ಮತ್ತೆ ಹಾದುಹೋದ ನಾಡು ಎಂದು ಆ ಭಾಗಕ್ಕೆ 'ಸುಟ್ಟ ಸೀಮೆ' ಎಂಬ ಅರ್ಥದ ಹೆಸರೇ ಬಿದ್ದಿತ್ತು. ಅದಾಗಿ ಮೂರ್ನಾಲ್ಕು ವರ್ಷಕ್ಕೆ, ಅಲ್ಲಿಂದ ಸುಮಾರು ಮೂವತ್ತೈದು ಮೈಲಿ ದೂರದ ಒಂದು ಕೂಡುರಸ್ತೆಯಲ್ಲಿ, ಈ ಜನ ಕಲ್ಲಿನ ಚರ್ಚು ಕಟ್ಟಿದರು. ಅದರ ಮುಂದಿನ ಗೋಡೆಯಲ್ಲಿ ಶಾಸನದ ಕಲ್ಲು ಕೂರಿಸಿದರು. ಪ್ರಥಮ ಯೂನಿವರ್ಸಲಿಸ್ಟ್ ಸಮಾಜ ಕಟ್ಟಿಸಿದ್ದು, 1834 ಎಂದು ಬರೆಸಿ, ಅದರ ಜೊತೆಗೆ ಒಂದೇ ಒಂದು ಪುಟ್ಟ ವಾಕ್ಯ. ಕನ್ನಡ ಬೈಬಲ್‌ನಲ್ಲಿ ಅದು 'ದೇವರು ಪ್ರೀತಿಸ್ವರೂಪಿ' ಎಂದು ಬರುತ್ತದೆ. ಅಕ್ಕಪಕ್ಕದವರೆಲ್ಲ ಬೆಂಕಿಯ ಮಾತಾಡುತ್ತಿರುವಾಗ ಇವರು ಕಲ್ಲಿನಲ್ಲಿ ಕೊರೆಸಿದ್ದು ಪ್ರೀತಿಯ ಮಾತು. ನನಗೆ ಈ ಚರ್ಚಿನ ಮೇಲೆ ಅಕ್ಕರೆ ಹುಟ್ಟಿದ್ದೇ ಅದನ್ನು ಓದಿ.

ಇದರ ಹಿಂದೆ ನಿಂತ ಮುಖ್ಯ ವ್ಯಕ್ತಿ ಜಾನ್ ಪ್ರಾಕ್ಟರ್. ಊರು ಬೆಳೆಸಿದವನು ಅವನೇ. ಆಗ ಆ ಜಾಗವನ್ನು ಪ್ರಾಕ್ಟರ್ಸ್ ಕಾರ್ನರ್ಸ್ ಎಂದೇ ಕರೆಯುತ್ತಿದ್ದರು. ಬ್ರಿಟನ್-ಅಮೆರಿಕ ಯುದ್ಧದ ನಡುವೆ, 1813ರ ಡಿಸೆಂಬರ್‌ನಲ್ಲಿ, ಬ್ರಿಟಿಷರ ಕಡೆಯವರು ನಯಾಗರ ಹತ್ತಿರದ ಲೂಯಿಸ್ಟನ್ ಊರಿಗೆ ಬೆಂಕಿ ಇಟ್ಟಾಗ ಕುದುರೆ ಏರಿ ಈ ದಿಬ್ಬದ ದಾರಿಯುದ್ದಕ್ಕೂ ಜನರನ್ನು ಎಚ್ಚರಿಸಿದವನು ಇವನೇ ಎಂದು ಅಲ್ಲಿಯವರು ಇಂದಿಗೂ ಹೇಳುತ್ತಾರೆ.

ಗೋಡೆ ಎದ್ದ ಬಗೆ

ಹೊರಗಿನಿಂದ ಚರ್ಚು ಸರಳ. ಆಯತಾಕಾರದ ಕಟ್ಟಡ, ರಸ್ತೆ ಕಡೆಗೆ ತ್ರಿಕೋನದ ಮುಖ, ಮೇಲೆ ಚೌಕದ ಮರದ ಗೋಪುರ. ಶೈಲಿಗೆ ಫೆಡರಲ್ ಎನ್ನುತ್ತಾರೆ. ಅಮೆರಿಕ ಸ್ವತಂತ್ರವಾದ ಮೇಲಿನ ಮೊದಲ ದಶಕಗಳಲ್ಲಿ ಹಬ್ಬಿದ ಅಳತೆಬದ್ಧ, ಅಲಂಕಾರ ಕಡಿಮೆ ಇರುವ ಶೈಲಿ ಅದು. ಆಕಾರದಲ್ಲಿ ಹೇಳುವಂಥದ್ದು ಜಾಸ್ತಿ ಏನಿಲ್ಲ. ಇಂಥ ಆಕಾರದ ಚರ್ಚುಗಳು ಆ ರಾಜ್ಯದಲ್ಲಿ ಬೇಕಾದಷ್ಟಿವೆ. ಇರುವುದೆಲ್ಲ ಗೋಡೆಯಲ್ಲಿದೆ.

ಈ ಗೋಡೆಗಳು ಸಾಮಾನ್ಯವಾಗಿ ಒಂದೂವರೆ ಅಡಿ ದಪ್ಪ. ಅಷ್ಟು ದಪ್ಪವೂ ಅಂದದ ಗುಂಡುಕಲ್ಲಲ್ಲ. ಒಳಭಾಗ ಕೈಗೆ ಸಿಕ್ಕ ಕಾಡುಗಲ್ಲು ಮತ್ತು ಗಾರೆ. ನಮಗೆ ಕಾಣುವ ಸಾಲುಗಳು ಅದರ ಹೊರಮೈ. ಹೊರಮೈ ಕಳಚಿ ಬೀಳದಿರಲು ಉದ್ದನೆಯ ಕಲ್ಲುಗಳನ್ನು ಆರಿಸಿ, ಅವುಗಳ ಒಂದು ತುದಿ ಮಾತ್ರ ಹೊರಗೆ ಕಾಣುವಂತೆ, ಉಳಿದ ಮೈಯೆಲ್ಲ ಗೋಡೆಯೊಳಗೆ ಹೋಗುವಂತೆ ಇಡುತ್ತಿದ್ದರು. ದುಂಡಗೆ ಕಾಣುವ ಎಷ್ಟೋ ಕಲ್ಲುಗಳು ನಿಜವಾಗಿ ಒಳಗೆ ಬೆರಳಿನ ಹಾಗೆ ಉದ್ದಕ್ಕೆ ಚಾಚಿಕೊಂಡಿವೆ. ಮೂಲೆಯ ಪ್ರಶ್ನೆ ಬೇರೆ. ಗುಂಡುಕಲ್ಲಿನಲ್ಲಿ ನೇರವಾದ ಮೂಲೆ ಬರುವುದಿಲ್ಲ. ಅದಕ್ಕೇ ಮೂಲೆಗೆ ಕೆತ್ತಿದ ಸೈಜುಗಲ್ಲು. ಕಿಟಕಿ, ಬಾಗಿಲುಗಳ ಮೇಲೂ ಕೆಳಗೂ ಅದೇ.

ಕಲ್ಲು ಆರಿಸುವುದೇ ಒಂದು ದೊಡ್ಡ ಕೆಲಸ. ಹಲಗೆಯಲ್ಲಿ ತೂತು ಕೊರೆದು, ಅಥವಾ ಕಬ್ಬಿಣದ ಬಳೆ ಇಟ್ಟುಕೊಂಡು, ಅದರೊಳಗೆ ಹಾದುಹೋಗುವ ಕಲ್ಲು ಒಂದು ಗುಡ್ಡೆಗೆ, ಹೋಗದ್ದು ಇನ್ನೊಂದಕ್ಕೆ. ಈ ಕೆಲಸ ಬಹಳ ಮಟ್ಟಿಗೆ ಮನೆಯವರದು. ಮಕ್ಕಳು, ಹೆಂಗಸರು, ಅಕ್ಕಪಕ್ಕದವರು ಸಂಜೆ ಹೊತ್ತು ಕೂತು ಆರಿಸುತ್ತಿದ್ದರೆಂದು ಆ ಭಾಗದ ಮನೆತನಗಳಲ್ಲಿ ನೆನಪುಗಳಿವೆ. ಆರಂಭದ ಕಾಲದಲ್ಲಿ ಹೊಲದ ಕಲ್ಲು, ಗಾತ್ರ ಸ್ವಲ್ಪ ಹೆಚ್ಚುಕಡಿಮೆ, ಬಣ್ಣವೂ ನಾನಾ ಥರ. ಮುಂದಿನ ದಶಕಗಳಲ್ಲಿ ಒಂಟಾರಿಯೊ ಸರೋವರದ ದಂಡೆಯಿಂದ ಗಾಡಿಗಳಲ್ಲಿ ನುಣುಪಾದ, ಒಂದೇ ಅಳತೆಯ ಸಣ್ಣ ಕಲ್ಲು ತರಿಸುವ ಶೋಕಿ ಬಂತು. ಕೆಂಪು ಮರಳುಗಲ್ಲೇ ಆರಿಸಿ ಕಟ್ಟಿದ ಗೋಡೆಗಳೂ ಇವೆ. ಅವು ಇನ್ನೂ ನಾಜೂಕು. ಆದರೂ ನನಗೆ ಮೊದಲಿನ ಗೋಡೆಗಳೇ ಇಷ್ಟ. ಆ ಕಲ್ಲುಗಳು ಅದೇ ನೆಲದಲ್ಲಿ ನೇಗಿಲಿಗೆ ಅಡ್ಡ ಬಂದಂಥವು.

ಈಗ ಗಾರೆಗೆ ಬರೋಣ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಡಬೇಕು. ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿಗೆ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟುತ್ತಾ, ಕುದಿಯುತ್ತಾ ಅರಳುತ್ತದೆ. ಅರಳಿದ ಸುಣ್ಣವನ್ನು ಗುಂಡಿಯಲ್ಲಿ ಮುಚ್ಚಿಟ್ಟು ಹದ ಬರಿಸಿ, ಆಮೇಲೆ ಮರಳು ಸೇರಿಸಿ ಗಾರೆ ಮಾಡುತ್ತಾರೆ. ಗೋಡೆಯಲ್ಲಿ ಕೂತ ಮೇಲೆ ಅದು ಗಾಳಿಯಿಂದ ಅದೇ ಡೈಆಕ್ಸೈಡನ್ನು ವಾಪಸ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಆದರೆ ಬಹಳ ನಿಧಾನ. ಸಿಮೆಂಟಿನ ಹಾಗೆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬಿಗಿಯುವುದಿಲ್ಲ.

ಈ ನಿಧಾನವೇ ಇಡೀ ಕೆಲಸದ ಲಯವನ್ನು ಗೊತ್ತುಮಾಡಿತು. ಇಟ್ಟಿಗೆಗೆ ಚಪ್ಪಟೆ ತಳ ಇದೆ, ಒಂದರ ಮೇಲೊಂದು ಕೂರುತ್ತದೆ. ಗುಂಡುಕಲ್ಲಿಗೆ ತಳವೇ ಇಲ್ಲ. ಹಸಿ ಗಾರೆಯ ಮೇಲೆ ಒಂದು ವರಸೆ, ಅದರ ಮೇಲೆ ಇನ್ನೊಂದು, ಮತ್ತೊಂದು ಇಟ್ಟರೆ ಅಷ್ಟೇ, ಕೆಳಗಿನದು ಜಾರಲು ಶುರು. ಹಾಗಾಗಿ ದಿನಕ್ಕೆ ಕೆಲವೇ ವರಸೆ. ಸುತ್ತ ಗೋಡೆಯ ಮೇಲೆ ಅಷ್ಟು ಇಟ್ಟು ನಿಲ್ಲಿಸಿ, ಗಾರೆ ಬಿಗಿಯುವವರೆಗೆ ಕಾಯಬೇಕು. ಹಸಿ ಸುಣ್ಣಕ್ಕೆ ಹಿಮ ತಗುಲಿದರೆ ಕೆಟ್ಟುಹೋಗುತ್ತದೆ. ಆದ್ದರಿಂದ ಚಳಿ ಶುರುವಾಗುವ ಮೊದಲೇ ಕೆಲಸ ಮುಗಿಸಬೇಕು, ಇಲ್ಲದಿದ್ದರೆ ಮುಂದಿನ ವಸಂತಕ್ಕೆ.

ಹತ್ತಿರ ಹೋಗಿ ಒಂದು ಅಂಗೈ ಅಗಲದ ಜಾಗ ನೋಡಿ. ಎರಡು ವರಸೆಗಳ ನಡುವೆ ಗಾರೆ ಸುಮ್ನೆ ತುಂಬಿಕೊಂಡಿಲ್ಲ. ಹೊರಕ್ಕೆ ಉಬ್ಬಿ, ಮೇಲೂ ಕೆಳಗೂ ಇಳಿಜಾರಾಗಿ, ನಡುವೆ ಚೂಪಾದ ಏಣು ಎದ್ದಿದೆ. ಆ ಏಣು ಗೋಡೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ದಾರ ಎಳೆದ ಹಾಗೆ ನೇರವಾಗಿ ಹೋಗುತ್ತದೆ. ಅಕ್ಕಪಕ್ಕದ ಎರಡು ಕಲ್ಲುಗಳ ನಡುವೆಯೂ ಅಂಥದ್ದೇ ಗಿಡ್ಡ ಏಣು ಇರುವ ಗೋಡೆಗಳಿವೆ. ಆಗ ಒಂದೊಂದು ಕಲ್ಲೂ ತನ್ನದೇ ಚೌಕಟ್ಟಿನಲ್ಲಿ ಕೂತ ಹಾಗೆ ಕಾಣುತ್ತದೆ. ಕಲ್ಲುಗಳ ಆಕಾರ ಎಲ್ಲವೂ ಬೇರೆ ಬೇರೆ. ಅವುಗಳನ್ನು ಶಿಸ್ತಿಗೆ ತಂದದ್ದು ಈ ಗೆರೆ. ಕರಣೆ ಹಿಡಿದವನ ಕೈ ಒಂದು ಕಡೆ ನಡುಗಿದ್ದರೂ ಅದು ಇವತ್ತಿಗೂ ಕಾಣುತ್ತಿತ್ತು. ಓರೆ ಬಿಸಿಲು ಬಿದ್ದಾಗ ಪ್ರತಿ ಏಣಿನ ಕೆಳಗೂ ಸಣ್ಣ ನೆರಳು. ಮೋಡವಿರುವ ದಿನ ಅದೇ ಗೋಡೆ ಸಪ್ಪೆ.

ಮೇಸ್ತ್ರಿಗಳು ಈ ಏಣು ತೆಗೆಯುವ ಗುಟ್ಟನ್ನು ಯಾರಿಗೂ ತೋರಿಸುತ್ತಿರಲಿಲ್ಲವಂತೆ. ಯಾರಾದರೂ ನೋಡಲು ಬಂದರೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಅವರು ಹೋಗುವವರೆಗೆ ಬೇರೆ ಏನಾದರೂ ಮಾಡುತ್ತಿದ್ದರಂತೆ. ಇದು ಅಲ್ಲಿ ಚಾಲ್ತಿಯಲ್ಲಿರುವ ಕತೆ. ಆದರೆ ಆಗಿನ ರೈತರ ಪತ್ರಿಕೆಗಳಲ್ಲೇ ಗುಂಡುಕಲ್ಲಿನ ಗೋಡೆ ಕಟ್ಟುವುದು ಹೇಗೆ, ಸುಣ್ಣಕ್ಕೆ ಮರಳು ಎಷ್ಟು ಎಂಬ ಪತ್ರಗಳು ಅಚ್ಚಾಗಿವೆ. ಅಳತೆ ಎಲ್ಲರಿಗೂ ಗೊತ್ತಿತ್ತು. ಕೈಹದ ಮಾತ್ರ ಬರೆದುಕೊಡಲು ಆಗುವಂಥದ್ದಲ್ಲ ತಾನೇ.

ಬಂದ ಹಾಗೆ ಹೋಯಿತು

ಈ ಕಟ್ಟೋಣದ ಆಯುಸ್ಸು ಒಬ್ಬ ಮೇಸ್ತ್ರಿಯ ಆಯುಸ್ಸಿನಷ್ಟೇ. ಶುರು 1825ರ ಹೊತ್ತಿಗೆ, 1860ರ ದಶಕ ಬರುವಷ್ಟರಲ್ಲಿ ಮುಗಿಯಿತು. ನ್ಯೂಯಾರ್ಕ್ ರಾಜ್ಯದಲ್ಲಿ ನೂರಾರು ಕಟ್ಟಡಗಳು ಎದ್ದವು. ಉತ್ತರ ಅಮೆರಿಕದ ಗುಂಡುಕಲ್ಲಿನ ಕಟ್ಟಡಗಳಲ್ಲಿ ಸುಮಾರು ಶೇ. 90ರಷ್ಟು ರಾಚೆಸ್ಟರ್ ಸುತ್ತಲಿನ 75 ಮೈಲಿಯೊಳಗೇ ಇವೆ ಎನ್ನುತ್ತಾರೆ. ಪಶ್ಚಿಮಕ್ಕೆ ವಲಸೆ ಹೋದವರ ಜೊತೆ ಈ ಕೆಲಸ ಮಿಷಿಗನ್, ವಿಸ್ಕಾನ್ಸಿನ್‌ವರೆಗೂ ಹೋಯಿತು. ಕೆನಡಾದ ಒಂಟಾರಿಯೊದಲ್ಲಿ ಪ್ಯಾರಿಸ್ ಎಂಬ ಊರಿದೆ. ನ್ಯೂಯಾರ್ಕ್‌ನಿಂದ ಅಲ್ಲಿಗೆ ಹೋದ ಲೆವೈ ಬೌಟನ್ ಎಂಬ ಮೇಸ್ತ್ರಿ 1839ರಲ್ಲಿ ಸೇಂಟ್ ಜೇಮ್ಸ್ ಚರ್ಚನ್ನು ಇದೇ ರೀತಿ ಕಟ್ಟಿದ.

ನಿಂತದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕೂಲಿ ಏರಿತು. ಇಟ್ಟಿಗೆ ಅಗ್ಗವಾಯಿತು, ರೈಲು ಅದನ್ನು ಎಲ್ಲೆಂದರಲ್ಲಿ ತಂದು ಇಳಿಸಿತು. ಅಂತರ್ಯುದ್ಧ ಬಂತು. ದಿನಕ್ಕೆ ಕೆಲವೇ ವರಸೆ ಇಟ್ಟು ಕಾಯುವ ವ್ಯವಧಾನಕ್ಕೆ ದುಡ್ಡು ಕೊಡುವವರು ಉಳಿಯಲಿಲ್ಲ.

ಆ ಭಾಗದ ಯೂನಿವರ್ಸಲಿಸ್ಟರ ಇನ್ನೊಂದು ಚರ್ಚು ನೋಡಿದರೆ ಕಾಲ ಎಷ್ಟು ಬದಲಾಯಿತು ಎಂಬುದು ಕಣ್ಣಿಗೇ ಕಾಣುತ್ತದೆ. ಚೈಲ್ಡ್ಸ್‌ನಿಂದ ಕೆಲವೇ ಮೈಲಿ ದೂರದ ಆಲ್ಬಿಯನ್‌ನಲ್ಲಿ, ರೈಲಿನ ಮಲಗುವ ಬೋಗಿಗಳಿಂದ ಶ್ರೀಮಂತನಾದ ಜಾರ್ಜ್ ಪುಲ್‌ಮನ್ ತನ್ನ ತಂದೆತಾಯಿಯ ನೆನಪಿಗೆ 1890ರ ದಶಕದಲ್ಲಿ ಒಂದು ಚರ್ಚು ಕಟ್ಟಿಸಿದ. ಮೆಡೈನಾದ ಮರಳುಗಲ್ಲು, ಟಿಫನಿ ಕಂಪನಿಯ ಬಣ್ಣದ ಗಾಜಿನ ಕಿಟಕಿಗಳು, ಹೆಸರಾಂತ ವಾಸ್ತುಶಿಲ್ಪಿ. ತುಂಬ ಚೆನ್ನಾಗಿದೆ. ಅಲ್ಲಿ ಒಬ್ಬನ ಸಂಪತ್ತು ಕಾಣುತ್ತದೆ. ಚೈಲ್ಡ್ಸ್‌ನಲ್ಲಿ ಒಂದು ಊರಿನ ಹೊಲಗಳು ಕಾಣುತ್ತವೆ.

ಉಳಿದದ್ದು, ಉಳಿಸುತ್ತಿರುವುದು

ಚೈಲ್ಡ್ಸ್‌ನಲ್ಲಿ ಚರ್ಚು ಒಂದೇ ಅಲ್ಲ. ಪಕ್ಕದಲ್ಲೇ ವಾರ್ಡ್ ಹೌಸ್ ಎಂಬ, ಚರ್ಚಿನ ಗುರುಗಳ ಮನೆಯಾಗಿದ್ದ ಗುಂಡುಕಲ್ಲಿನ ಮನೆ ಇದೆ, ಸ್ವಲ್ಪ ಮುಂದೆ 1849ರ ಗುಂಡುಕಲ್ಲಿನ ಶಾಲೆ. ಒಂದೇ ಕೋಣೆಯ ಆ ಶಾಲೆಯಲ್ಲಿ 1952ರವರೆಗೂ ಮಕ್ಕಳು ಓದಿದರು. ನೂರಕ್ಕೂ ಹೆಚ್ಚು ವರ್ಷ! 1960ರಲ್ಲಿ ಕಾಬಲ್‌ಸ್ಟೋನ್ ಸೊಸೈಟಿ, ಅಂದರೆ ಗುಂಡುಕಲ್ಲಿನ ಸಂಘ, ಹುಟ್ಟಿಕೊಂಡಿತು. ಮುಂದೆ ಮೂರೂ ಕಟ್ಟಡಗಳು ಅದರ ಮ್ಯೂಸಿಯಂಗೆ ಸೇರಿದವು. 1993ರಲ್ಲಿ ಈ ಮೂರನ್ನೂ ಸೇರಿಸಿ ಅಮೆರಿಕ ಸರ್ಕಾರ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂದು ಘೋಷಿಸಿತು. ಚರ್ಚು, ಗುರುಗಳ ಮನೆ, ಶಾಲೆ, ಮೂರೂ ಒಂದೇ ಕಟ್ಟೋಣದಲ್ಲಿ ಒಂದೇ ಕಡೆ ಉಳಿದಿರುವುದೇ ಇದರ ಹೆಚ್ಚುಗಾರಿಕೆ. ಒಂದು ಸಣ್ಣ ಸಮುದಾಯದ ಬದುಕು ಅಲ್ಲಿ ಪೂರ್ತಿಯಾಗಿ ಸಿಗುತ್ತದೆ.

ಬಿರುದು ಸಿಕ್ಕಿದರೆ ಗೋಡೆ ತಾನಾಗಿ ನಿಲ್ಲುವುದಿಲ್ಲ. ಇಂಥ ಗೋಡೆಗೆ ದೊಡ್ಡ ಅಪಾಯ ಒಳ್ಳೆಯ ಮನಸ್ಸಿನ ರಿಪೇರಿಯಿಂದಲೇ. ನಮ್ಮ ಅಜ್ಜಿ ಮನೆಯಲ್ಲಿ ಹೀಗೇ ಆಯಿತು. ಸುಣ್ಣದ ಗಾರೆಯ ಹಳೇ ಗೋಡೆ, ಬುಡದಲ್ಲಿ ಸ್ವಲ್ಪ ಉದುರಿತ್ತು. ಗಟ್ಟಿ ಇರಲಿ ಅಂತ ಸಿಮೆಂಟ್ ಮೆತ್ತಿಸಿದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟಿನ ಮೇಲ್ಗಡೆ ಒಂದು ಮೊಳ ಎತ್ತರಕ್ಕೆ ತೇವ ಏರಿ, ಹಳೇ ಗಾರೆ ಹಿಟ್ಟಿನ ಹಾಗೆ ಬಿದ್ದುಹೋಯಿತು. ನೀರಿಗೆ ಹೊರಗೆ ಬರಲು ದಾರಿ ಇರಲಿಲ್ಲ, ಅದು ಮೇಲಕ್ಕೆ ಹೋಯಿತು. ಅವತ್ತು ನಮಗೆ ಇದು ಗೊತ್ತಿರಲಿಲ್ಲ.

ರಿಡ್ಜ್ ರೋಡ್ ಕಡೆ ಇದರ ಜೊತೆಗೆ ಹಿಮವೂ ಸೇರುತ್ತದೆ. ಸುಣ್ಣದ ಗಾರೆ ಮೆದು, ಉಸಿರಾಡುತ್ತದೆ. ಗೋಡೆಯೊಳಗೆ ಹೋದ ನೀರು ಅದರ ಮೂಲಕ ಹೊರಗೆ ಆರುತ್ತದೆ. ಅದರ ಮೇಲೆ ಪೋರ್ಟ್‌ಲ್ಯಾಂಡ್ ಸಿಮೆಂಟ್ ತುಂಬಿದರೆ ನೀರು ಒಳಗೇ ನಿಂತು, ಚಳಿಯಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ. ಆಗ ಕಲ್ಲು ಸಿಡಿಯುತ್ತದೆ, ಇಲ್ಲವೇ ಹೊರಮೈ ಒಳಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಬಲ್ಲವರು ರಿಪೇರಿಗೆ ಮತ್ತೆ ಸುಣ್ಣವನ್ನೇ ಕಲಸುತ್ತಾರೆ. ಹಳೇ ಗಾರೆಯ ತುಣುಕು ತೆಗೆದು, ಅದರಲ್ಲಿದ್ದ ಮರಳು ಯಾವ ಬಣ್ಣದ್ದು, ಎಷ್ಟು ದಪ್ಪದ್ದು ಎಂದು ನೋಡಿ, ಅಂಥದ್ದನ್ನೇ ಹುಡುಕುತ್ತಾರೆ. ಉದುರಿದ ಜಾಗವನ್ನು ಕೈಯಿಂದ ಕೆರೆದು, ನೀರು ಚಿಮುಕಿಸಿ, ಹೊಸ ಗಾರೆ ಒತ್ತಿ, ಹಳೇ ಏಣಿಗೆ ಹೊಸ ಏಣು ಸೇರುವ ಹಾಗೆ ಎಳೆಯುತ್ತಾರೆ. ಆಮೇಲೆ ಬಿಸಿಲಿಗೆ ಬೇಗ ಒಣಗದಂತೆ ಒದ್ದೆ ಗೋಣಿ ಹೊದಿಸಿ, ಗಾರೆ ಬಿಗಿಯುವವರೆಗೆ ದಿನಗಟ್ಟಲೆ ಕಾಯುತ್ತಾರೆ.